ಬೆಂಡೆಕಾಯಿ ಬಳಿದುಕೊಂಡ ಡಾಲ್ಫಿನ್

ನಮ್ಮ ಬಡಾವಣೆಯ ಈಜುಕೊಳದ ಗೋಡೆಯ ಮೇಲೆ ಎಂಟು ನಿಯಮಗಳಿವೆ. ಏಳನ್ನು ಪೇಂಟರ್ ಕೈಯಲ್ಲಿ ಚೆಂದವಾಗಿ ಬರೆಸಿದ್ದಾರೆ: ಇಳಿಯುವ ಮುನ್ನ ಷವರ್ ಮಾಡಬೇಕು, ನೈಲಾನ್ ಉಡುಪು ಕಡ್ಡಾಯ, ಎಣ್ಣೆ ಹಚ್ಚಿಕೊಂಡು ಇಳಿಯಬಾರದು, ಇತ್ಯಾದಿ. ಎಂಟನೆಯದು ಮಾತ್ರ ಆಮೇಲೆ, ಮಾರ್ಕರ್ ಪೆನ್ನಿನಲ್ಲಿ, ಸ್ವಲ್ಪ ಸಿಟ್ಟಿನ ಕೈಬರಹದಲ್ಲಿ ಸೇರಿಕೊಂಡದ್ದು: ‘ಮೈಗೆ ತರಕಾರಿ ಹಚ್ಚಿಕೊಂಡು ನೀರಿಗೆ ಇಳಿಯತಕ್ಕದ್ದಲ್ಲ.’ ಹೊಸಬರು ಅದನ್ನು ಓದಿ ನಗುತ್ತಾರೆ. ಹಳಬರು ಅದನ್ನು ಓದಿ ನನ್ನ ಕಡೆ ನೋಡುತ್ತಾರೆ.

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೂತವನು ನಾನು. ಅಷ್ಟು ವರ್ಷದಲ್ಲಿ ಒಂದೇ ಒಂದು ಸುತ್ತೋಲೆಗೂ ಕಾರಣನಾಗಲಿಲ್ಲ. ಆ ಯೋಗ ಕೂಡಿಬಂದದ್ದು ನಿವೃತ್ತಿಯಾದ ಮೇಲೆ, ಅದೂ ಚಡ್ಡಿಯಲ್ಲಿ.

ಎಲ್ಲ ಶುರುವಾದದ್ದು ಮಂಡಿಯಿಂದ. “ವಾಕಿಂಗ್ ಬಿಡಿ, ಈಜಿ” ಎಂದರು ಡಾಕ್ಟರು. ಹುಡುಗನಾಗಿದ್ದಾಗ ಊರ ಕೆರೆಯಲ್ಲಿ ನಾಯಿಯೀಜು ಕಲಿತಿದ್ದ ಧೈರ್ಯದ ಮೇಲೆ ಪಾಸು ಮಾಡಿಸಿಕೊಂಡು ಇಳಿದೆ. ಕೊಳದ ಉದ್ದ 25 ಮೀಟರ್. ನನಗೆ ಈ ದಡದಿಂದ ಆ ದಡ ಮುಟ್ಟಲು 63 ಸೆಕೆಂಡು. ಇದು ಕೆಟ್ಟ ವೇಗವೋ ಒಳ್ಳೆಯ ವೇಗವೋ ನನಗೆ ತಿಳಿಯುತ್ತಿರಲಿಲ್ಲ, ಪಕ್ಕದಲ್ಲೇ ಒಬ್ಬ ಅಜ್ಜಿ ಈಜುತ್ತಿರದಿದ್ದರೆ.

ಅವರಿಗೆ ಎಪ್ಪತ್ಮೂರು. ಮಕ್ಕಳೆಲ್ಲ ಅಜ್ಜಿ ಎನ್ನುತ್ತಾರೆ. ನನಗೂ ಅವರಿಗೂ ಹನ್ನೆರಡೇ ವರ್ಷದ ಅಂತರವಾದ್ದರಿಂದ ನಾನು ಅಮ್ಮ ಎನ್ನುತ್ತೇನೆ. ಮಂಡಿಯ ಕೆಳಗಿನವರೆಗೆ ಬರುವ ನೈಲಾನ್ ಉಡುಪು, ತಲೆಗೆ ಟೋಪಿ, ಸಂತೆಗೆ ಹೊರಟವರ ನಿರಾಳ. ನಾನು ಒಮ್ಮೆ ಹೋಗಿ ಬರುವಷ್ಟರಲ್ಲಿ ಅವರು ಎರಡು ಸಲ ಹಿಂದಿನಿಂದ ಬಂದು, “ಸ್ವಲ್ಪ ದಾರಿ ಬಿಡ್ತೀರಾ?” ಎಂದು ಕೇಳುತ್ತಿದ್ದರು. ಕೇಳುವ ದನಿಯಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ನನ್ನ ಅಕ್ಕನ ಮಗ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನಶಾಸ್ತ್ರ ಓದುತ್ತಾನೆ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಾನೆ. ಅವನ ತಟ್ಟೆಗೆ ಎರಡನೆಯ ಸಲ ಹುಳಿ ಬಡಿಸಿ ನನ್ನ ಅಹವಾಲು ಮುಂದಿಟ್ಟೆ.

“ನೀರು ನನ್ನನ್ನ ಹಿಡ್ಕೊಳ್ಳುತ್ತೆ ಕಣೋ. ಆ ಅಮ್ಮನ್ನ ಹಿಡ್ಕೊಳ್ಳಲ್ಲ.”

“ಅದಕ್ಕೆ ಡ್ರ್ಯಾಗ್ ಅಂತಾರೆ ಮಾವ. ಅದರಲ್ಲಿ ಒಂದು ಪಾಲು ಸ್ಕಿನ್ ಫ್ರಿಕ್ಷನ್, ಚರ್ಮಕ್ಕೂ ನೀರಿಗೂ ನಡೆಯೋ ಉಜ್ಜಾಟ. ಇನ್ನೊಂದು ಪಾಲು…”

ಇನ್ನೊಂದು ಪಾಲಿನ ತನಕ ನಾನು ಕೂತಿರಲಿಲ್ಲ. ಡೈರಿ ತರಲು ಎದ್ದಾಗಿತ್ತು. ಸಾಲದ ಫೈಲು ಓದುವಾಗಲೂ ನನ್ನ ಪದ್ಧತಿ ಇದೇ: ಮೊದಲ ಪುಟ ಓದು, ಸಹಿ ಹಾಕು. ಡೈರಿಯಲ್ಲಿ ಬರೆದೆ: ‘ಆರೋಪಿ: ಚರ್ಮ.’

ಹುಡುಗ ಪಾಪ, ವಿವರಿಸಿದ. ನೀರಾಗಲಿ ಗಾಳಿಯಾಗಲಿ, ಮೈಗೆ ತಾಗಿದ ಪದರ ಮೈಗೇ ಅಂಟಿಕೊಂಡಿರುತ್ತದಂತೆ. ಅದರ ಮೇಲಿನ ಪದರ ಸ್ವಲ್ಪ ಜಾರುತ್ತದೆ, ಅದರ ಮೇಲಿನದು ಇನ್ನೂ ಸ್ವಲ್ಪ. ಹೀಗೆ ಸ್ವಲ್ಪ ದೂರ ಹೋದ ಮೇಲೆ ನೀರಿಗೆ ನಾವು ಯಾರೋ ಅದು ಯಾರೋ. ಜಗಳವೆಲ್ಲ ನಡೆಯುವುದು ಆ ತೆಳು ಪದರದೊಳಗೆ. ಇದನ್ನು 1904ರಲ್ಲಿ ಹೈಡೆಲ್‌ಬರ್ಗಿನ ಗಣಿತ ಸಮ್ಮೇಳನದಲ್ಲಿ ಲುಡ್ವಿಗ್ ಪ್ರಾಂಟ್ಲ್ ಎಂಬ 29 ವರ್ಷದ ಜರ್ಮನ್ ಪ್ರಾಧ್ಯಾಪಕ ಒಂದು ಪುಟ್ಟ ಭಾಷಣದಲ್ಲಿ ಹೇಳಿ ಮುಗಿಸಿದನಂತೆ. ನಮ್ಮ ಬ್ಯಾಂಕಿನಲ್ಲಿ ಸ್ವಾಗತ ಭಾಷಣಕ್ಕೇ ಅರ್ಧ ಗಂಟೆ ಬೇಕಿತ್ತು.

ಆ ಪದರದಲ್ಲಿ ನೀರು ಎರಡು ಬಗೆಯಲ್ಲಿ ನಡೆದುಕೊಳ್ಳುತ್ತದೆ. ಒಂದು, ಟೋಕನ್ ಹಿಡಿದು ಸಾಲಿನಲ್ಲಿ ನಿಂತ ಗ್ರಾಹಕರ ಹಾಗೆ; ಆಗ ಉಜ್ಜಾಟ ಕಡಿಮೆ. ಇನ್ನೊಂದು, ಪಿಂಚಣಿ ದಿನ ಕೌಂಟರ್ ತೆರೆದ ಕೂಡಲೇ ಆಗುವ ಹಾಗೆ. ಎಲ್ಲರೂ ಎಲ್ಲ ಕಡೆ, ಸುಳಿಯ ಮೇಲೆ ಸುಳಿ. ಆಗ ಮೈಮೇಲಿನ ಎಳೆತ ಹಲವು ಪಟ್ಟು. ನನ್ನ ಗಾತ್ರದ ದೇಹದ ಮೇಲೆ ಬಹುಪಾಲು ಪಿಂಚಣಿ ದಿನವೇ ಎಂದ. ಪಿಂಚಣಿದಾರನ ಮೇಲೆ ಇನ್ನೇನಿದ್ದೀತು!

ಈ ಎಳೆತವನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರು ದೊಡ್ಡ ಹೆಸರು. 1870ರ ದಶಕದ ಮೊದಲಲ್ಲಿ ಟಾರ್ಕಿ ಎಂಬ ಊರಿನ ತನ್ನ ಮನೆಯ ಹತ್ತಿರ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಅದರಲ್ಲಿ ಮರದ ಹಲಗೆಗಳನ್ನು ಎಳೆಸಿ, ಎಷ್ಟು ಬಲ ಬೇಕಾಗುತ್ತದೆ ಎಂದು ಬರೆದಿಟ್ಟುಕೊಂಡ. ಒಂದು ಹಲಗೆಗೆ ವಾರ್ನಿಷ್, ಒಂದಕ್ಕೆ ಮೇಣ, ಒಂದಕ್ಕೆ ತವರದ ಹಾಳೆ, ಒಂದಕ್ಕೆ ಮರಳು, ಒಂದಕ್ಕೆ ಹತ್ತಿಬಟ್ಟೆ. ಐವತ್ತು ಅಡಿಯ ಹಲಗೆಯಲ್ಲಿ ವಾರ್ನಿಷ್‌ಗಿಂತ ಹತ್ತಿಬಟ್ಟೆಗೆ ಹೆಚ್ಚುಕಡಿಮೆ ಎರಡರಷ್ಟು ಎಳೆತ.

ನಾನು ಊಟದ ಮೇಜಿನಿಂದ ಎದ್ದು ಬಾಲ್ಕನಿಗೆ ಹೋದೆ. ಹಗ್ಗದ ಮೇಲೆ ನನ್ನ ಪಟ್ಟೆಪಟ್ಟೆ ಚಡ್ಡಿ ಒಣಗುತ್ತಿತ್ತು. ನೂರಕ್ಕೆ ನೂರು ಹತ್ತಿ. ನೈಲಾನ್ ನಿಯಮವಿದ್ದರೂ ಹಿರಿಯ ನಾಗರಿಕನೆಂದು ಮ್ಯಾನೇಜರು ಕಣ್ಣುಮುಚ್ಚಿಕೊಂಡಿದ್ದ ಚಡ್ಡಿ. ಒಂದೂವರೆ ಶತಮಾನದ ಹಿಂದೆಯೇ ಒಬ್ಬ ಇಂಗ್ಲಿಷಿನವನು ಅದರ ವಿರುದ್ಧ ಸಾಕ್ಷಿ ಹೇಳಿ ಹೋಗಿದ್ದ.

ಆದರೆ ಬ್ಯಾಂಕಿನವನು ಸಾಕ್ಷಿಯನ್ನು ನಂಬುವುದಿಲ್ಲ, ಲೆಕ್ಕವನ್ನು ನಂಬುತ್ತಾನೆ. “ಇದನ್ನ ನೇರವಾಗಿ ಅಳೆಯೋಕೆ ಆಗುತ್ತೇನೋ?” ಎಂದೆ.

“ಆಗುತ್ತೆ ಮಾವ. ಅಳೆದವರು ನಮ್ಮ ಸತೀಶ್ ಧವನ್.”

ಶ್ರೀಹರಿಕೋಟದ ರಾಕೆಟ್ ಕೇಂದ್ರಕ್ಕೆ ಹೆಸರಿಟ್ಟಿದ್ದಾರಲ್ಲ, ಅವರೇ. ಇಸ್ರೋ ಮುಖ್ಯಸ್ಥರಾಗುವುದಕ್ಕೂ ಇಪ್ಪತ್ತು ವರ್ಷ ಮುಂಚೆ, ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ನಲ್ಲಿ ಅವರ ಡಾಕ್ಟರೇಟಿನ ವಿಷಯವೇ ಇದು. ಗಾಳಿ ಹರಿಯುವ ನಯವಾದ ಹಲಗೆಯಲ್ಲಿ ಒಂದು ಸಣ್ಣ ಕಿಟಕಿ ಕೊರೆದು, ಅದರಲ್ಲಿ ಅಷ್ಟೇ ಅಳತೆಯ ಒಂದು ತುಣುಕನ್ನು ಕೂದಲೆಳೆಯ ಸಂದು ಬಿಟ್ಟು ತೇಲುವಂತೆ ಕೂರಿಸುವುದು. ಸುತ್ತಲಿನ ಹಲಗೆ ಅಲುಗದು, ಇದು ಮಾತ್ರ ಅಲುಗಬಲ್ಲದು. ಗಾಳಿ ಉಜ್ಜಿಕೊಂಡು ಹೋದಾಗ ತುಣುಕು ಎಷ್ಟು ಸರಿಯಿತು ಎನ್ನುವುದರಿಂದ ಉಜ್ಜಾಟದ ಬಲ ತಿಳಿಯುತ್ತದೆ. ಶಬ್ದಕ್ಕಿಂತ ನಿಧಾನವಾದ ಗಾಳಿಯಲ್ಲೂ ವೇಗವಾದ ಗಾಳಿಯಲ್ಲೂ ಅವರು ಹೀಗೆ ಅಳೆದರು. 1951ರಲ್ಲಿ ಪದವಿ ಪಡೆದು ಅದೇ ವರ್ಷ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್ ಸೇರಿದರು. ಆ ಸಾಲು ಸಾಲಾದ ನೀರು ಯಾವಾಗ, ಹೇಗೆ ಪಿಂಚಣಿ ದಿನವಾಗುತ್ತದೆ ಎಂಬುದರ ಮೇಲೆ ಅವರೂ ಅವರ ಶಿಷ್ಯ ರೊದ್ದಂ ನರಸಿಂಹ ಅವರೂ ಸೇರಿ 1958ರಲ್ಲಿ ಬರೆದದ್ದನ್ನು ಇವತ್ತಿಗೂ ಓದುತ್ತಾರಂತೆ.

ಬೆಂಗಳೂರಿನವರು ಅಳೆದದ್ದನ್ನು ಬೆಂಗಳೂರಿನವನು ಅಳೆಯಲಾರನೇ? ಸೋಮವಾರ ಬೆಳಿಗ್ಗೆ ನಡುಮನೆಯಲ್ಲಿ ಪ್ರಯೋಗಶಾಲೆ ಎದ್ದಿತು. ಹಳೆಯ ರೊಟ್ಟಿ ಹಲಗೆಯಲ್ಲಿ ಕಾರ್ಪೆಂಟರ್ ಕೈಯಲ್ಲಿ ಅಂಗೈಯಗಲದ ಕಿಟಕಿ ಕೊರೆಸಿದೆ. ಕಿಟಕಿಯಲ್ಲಿ ನಾಲ್ಕು ದಾರಗಳಿಂದ ಒಂದು ಪೋಸ್ಟ್‌ಕಾರ್ಡಿನ ಚೌಕ ತೂಗಿಬಿಟ್ಟೆ. ಪರಿಚಯದ ಅಕ್ಕಸಾಲಿಗರಿಂದ ಚಿನ್ನ ತೂಗುವ ಪುಟ್ಟ ತಕ್ಕಡಿ ಕಡ ತಂದೆ. ಎದುರಿಗೆ ಟೇಬಲ್ ಫ್ಯಾನ್. ಹುಡುಗ ಫೋನಿನಲ್ಲೇ ಲೆಕ್ಕ ಹಾಕಿ ಎಚ್ಚರಿಸಿದ್ದ: “ಆ ಫ್ಯಾನಿನ ಗಾಳಿಗೆ ಆ ಅಳತೆಯ ಕಾಗದದ ಮೇಲೆ ಬೀಳೋ ಉಜ್ಜಾಟ ಗ್ರಾಮಿನ ಇಪ್ಪತ್ತನೇ ಒಂದು ಭಾಗ ಮಾವ. ಅರ್ಧ ಗುಲಗಂಜಿಗೂ ಕಡಿಮೆ.” ಅರ್ಧ ಗುಲಗಂಜಿ ಚಿನ್ನಕ್ಕೆ ಸಾಲ ಕೊಡದೆ ಮೂವತ್ತನಾಲ್ಕು ವರ್ಷ ಕಳೆದವನಿಗೆ ಅದರ ಬೆಲೆ ಗೊತ್ತಿರಬೇಕಿತ್ತು.

ಫ್ಯಾನನ್ನು ಒಂದರಲ್ಲಿಟ್ಟೆ. ಮುಳ್ಳು ಅಲುಗಲಿಲ್ಲ. ಎರಡಕ್ಕೆ ಹಾಕಿದೆ. ಅಲುಗಿತೋ ಇಲ್ಲವೋ ಎಂಬ ಅನುಮಾನ. ಮೂರಕ್ಕೆ ತಿರುಗಿಸಿ, ಕನ್ನಡಕ ಏರಿಸಿಕೊಂಡು, ಉಸಿರು ಕೂಡ ಉಜ್ಜಾಟಕ್ಕೆ ಸೇರೀತೆಂದು ಉಸಿರು ಹಿಡಿದು ಬಗ್ಗಿದೆ. ಮುಳ್ಳು ನಿಜವಾಗಿಯೂ ಸರಿಯಿತು! ಅದೇ ಗಳಿಗೆಯಲ್ಲಿ ನನ್ನ ಹಿಂದೆ ಇನ್ನೂ ಏನೇನೋ ಸರಿಯುತ್ತಿತ್ತು. ನನ್ನವಳು ಗಿರಣಿಯಿಂದ ತಂದು, ಬಿಸಿಯಾರಲೆಂದು ಪೇಪರಿನ ಮೇಲೆ ಹರಡಿದ್ದ ಎರಡು ಕಿಲೋ ಸಾರಿನಪುಡಿ ಸದ್ದಿಲ್ಲದೆ ಎದ್ದು ಸೋಫಾ, ಟೀವಿ, ದೇವರಮನೆಯ ಕಡೆ ಹೊರಟಿತ್ತು. ಆಕೆಯ ಮೊದಲ ಸೀನು ಕೇಳಿಸಿದಾಗಲೇ ನನಗೆ ತಿಳಿದದ್ದು.

“ಏನ್ರೀ ಮಾಡ್ತಿದೀರಾ?”

“ಗಾಳಿಯ ಘರ್ಷಣೆ ಅಳೀತಿದೀನಿ ಕಣೇ.”

“ಅಳೆದಾಯ್ತಾ? ಈಗ ಗುಡಿಸಿ.”

ಗುಡಿಸುವಾಗ ಒಂದು ವಿಷಯ ಮನದಟ್ಟಾಯಿತು. ಗಾಳಿಯ ಹಾದಿಯಲ್ಲಿ ನೇರವಾಗಿ ನಿಂತಿದ್ದ ಪುಡಿಯ ಗುಡ್ಡೆಗಳು ಮನೆ ತುಂಬ ಹಾರಿದ್ದವು. ಗಾಳಿಗೆ ಅಡ್ಡವಾಗದೆ ಹಲಗೆಗೆ ಸಮನಾಗಿ ಮಲಗಿದ್ದ ಪೋಸ್ಟ್‌ಕಾರ್ಡು ಮಾತ್ರ ಅರ್ಧ ಗುಲಗಂಜಿಯಷ್ಟೇ ಕದಲಿತ್ತು. ಈ ಪಾಠವನ್ನು ಅವತ್ತೇ ಕಲಿತಿದ್ದರೆ ಎಂಟನೆಯ ನಿಯಮ ಹುಟ್ಟುತ್ತಿರಲಿಲ್ಲ. ಆದರೆ ಕಣ್ಣಲ್ಲಿ ಮೆಣಸಿನಕಾಯಿ ಇದ್ದಾಗ ಯಾರಿಗೂ ದೂರದೃಷ್ಟಿ ಇರುವುದಿಲ್ಲ.

ಅಳತೆಯ ಅಧ್ಯಾಯ ಮುಗಿಸಿ ಇಳಿಕೆಯ ಅಧ್ಯಾಯಕ್ಕೆ ಬಂದೆ. ಮೊದಲು ಕೂದಲು. ಸ್ಪರ್ಧೆಗಿಳಿಯುವ ಈಜುಗಾರರು ಮೈಯೆಲ್ಲ ಬೋಳಿಸಿಕೊಳ್ಳುತ್ತಾರೆಂದು ಕೇಳಿದ್ದೆ. ನಮ್ಮ ಕ್ಷೌರಿಕರು ನನ್ನ ಬೇಡಿಕೆ ಕೇಳಿ, “ತಲೆ ಮಾತ್ರ ಆಗುತ್ತೆ ಸಾರ್, ಮಿಕ್ಕಿದ್ದು ನೀವೇ ನೋಡ್ಕೊಳ್ಳಿ” ಎಂದರು. ನುಣ್ಣಗೆ ಬೋಳಿಸಿಕೊಂಡು ಮನೆಗೆ ಬರುವ ದಾರಿಯಲ್ಲಿ ಇಬ್ಬರು, “ತಿರುಪತಿಗೆ ಹೋಗಿದ್ರಾ?” ಎಂದು ಕೇಳಿ ಲಡ್ಡುವಿಗೆ ಕೈಯೊಡ್ಡಿದರು. ಸಂಜೆ ಎದುರುಮನೆಯ ದಂಪತಿ ಬಂದು ಅರ್ಧ ಗಂಟೆ ತಗ್ಗಿದ ದನಿಯಲ್ಲಿ ಮಾತಾಡಿದರು. ಹೋಗುವಾಗ ಆಕೆ ನನ್ನವಳ ಕೈಹಿಡಿದು, “ಯಾರು ಹೋಗ್ಬಿಟ್ರು ಅಂತ ಕೇಳೋಕೆ ಬಾಯೇ ಬರಲಿಲ್ಲ” ಎಂದರಂತೆ. “ಇವರ ಬುದ್ಧಿ” ಎಂದಳಂತೆ ನನ್ನವಳು. ಮರುದಿನ ಕೊಳದಲ್ಲಿ 62 ಸೆಕೆಂಡು. ಒಂದು ಸೆಕೆಂಡಿಗೆ ಒಂದು ತಲೆ.

ಆಮೇಲೆ ಶಾರ್ಕ್. ಅದರ ಚರ್ಮ ದೂರದಿಂದ ನಯ, ಹತ್ತಿರದಿಂದ ಅರ. ಮೈತುಂಬ ಹಲ್ಲಿನ ಹಾಗಿರುವ, ಹಲ್ಲಿನ ವಸ್ತುವಿನಿಂದಲೇ ಆದ ಸಣ್ಣ ಹುರುಪೆಗಳು. ಅವುಗಳ ಮೇಲೆ ನೀರು ಹರಿಯುವ ದಿಕ್ಕಿಗೇ ಎಳೆದಂಥ ಏಣುಗಳು. ಆ ಏಣುಗಳು ಸುಳಿಗಳನ್ನು ಚರ್ಮದಿಂದ ಸ್ವಲ್ಪ ಮೇಲೆಯೇ ತಡೆದು ನಿಲ್ಲಿಸುತ್ತವೆ. 1980ರ ದಶಕದ ಮೊದಲಲ್ಲಿ ನಾಸಾದಲ್ಲಿ ಇಂಥ ಗೀರುಗಳನ್ನು ಕೊರೆದು ನೋಡಿದಾಗ ಉಜ್ಜಾಟ ಶೇ. 8ರ ಆಸುಪಾಸಿನಲ್ಲಿ ಇಳಿಯಿತು. ನಯವಾದದ್ದಕ್ಕಿಂತ ಗೀರಿದ್ದೇ ಜಾರುತ್ತದೆ ಎಂದರೆ ನನ್ನಂಥವನಿಗೆ ಅದಕ್ಕಿಂತ ರುಚಿಯಾದ ಸುದ್ದಿ ಬೇಕೇ? ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲೂ ಪಿ. ಆರ್. ವಿಶ್ವನಾಥ್ ಅವರು ವಿಮಾನದ ಮೈಗೆ ಈ ಗೀರುಗಳನ್ನು ಹಚ್ಚುವ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2022ರಿಂದ ಸ್ವಿಸ್ ಸಂಸ್ಥೆಯ ದೊಡ್ಡ ಬೋಯಿಂಗ್‌ಗಳು ಇಂಥದ್ದೇ ಗೀರು ಹಾಳೆಯನ್ನು ಅಂಟಿಸಿಕೊಂಡು ಹಾರುತ್ತಿವೆ. ಉಳಿತಾಯ ಶೇ. 1ರಷ್ಟು. ಕೇಳಲು ಚಿಲ್ಲರೆ, ಆದರೆ ವಿಮಾನ ಕುಡಿಯುವ ಇಂಧನದಲ್ಲಿ ಶೇ. 1 ಎಂದರೆ ಟ್ಯಾಂಕರ್ ಲೆಕ್ಕ.

ಗೀರು! ನನ್ನ ಬೀರುವಿನಲ್ಲಿ ಮದುವೆಯಾದ ವರ್ಷದ ಕಾರ್ಡುರಾಯ್ ಪ್ಯಾಂಟ್ ಇತ್ತು. ಉದ್ದಕ್ಕೂ ಏಣು, ನಡುವೆ ಕಾಲುವೆ. ಟೈಲರ್ ಅದನ್ನು ಮಂಡಿಗೆ ಕತ್ತರಿಸಿ, ಸೊಂಟಕ್ಕೆ ಲಾಡಿ ಹಾಕಿ, “ಯಾವ ನಾಟಕ ಸಾರ್?” ಎಂದ. ಇಳಿದೆ. ಮೊದಲ ಹತ್ತು ಸೆಕೆಂಡು ನಾನು ಶಾರ್ಕ್. ಆಮೇಲೆ ಕಾರ್ಡುರಾಯ್‌ಗೆ ತಾನು ಮೂಲತಃ ಹತ್ತಿ ಎನ್ನುವುದು ನೆನಪಾಯಿತು. ಅದು ಕುಡಿಯತೊಡಗಿತು. ಕುಡಿದು ಕುಡಿದು ಭಾರವಾಗಿ, ಭೂಮಿತಾಯಿಯ ಕಡೆ ಹೊರಟಿತು. ಮಿಕ್ಕ ಹದಿನೈದು ಮೀಟರನ್ನು ಒಂದು ಕೈಯಲ್ಲಿ ಈಜಿ, ಇನ್ನೊಂದು ಕೈಯಲ್ಲಿ ಮಾನ ಕಾಪಾಡಿಕೊಂಡೆ. ಒಂದು ನಿಮಿಷ 48 ಸೆಕೆಂಡು. “ಸ್ವಲ್ಪ ದಾರಿ…” ಎಂದು ಬಂದ ಅಮ್ಮ ನನ್ನ ಸ್ಥಿತಿ ನೋಡಿ, ಮಾತು ನುಂಗಿ, ಪಕ್ಕದಿಂದ ಸುತ್ತಿಕೊಂಡು ಹೋದರು.

ಫೋನಿನಲ್ಲಿ ಹುಡುಗ ನಕ್ಕ. ಗೀರುಗಳ ಅಂತರ ವೇಗಕ್ಕೆ ತಕ್ಕಂತೆ ಇರಬೇಕಂತೆ. ನನ್ನ ವೇಗಕ್ಕೆ ಬೇಕಾದದ್ದು ಮಿಲಿಮೀಟರಿಗೂ ಕಡಿಮೆ. ನನ್ನ ಪ್ಯಾಂಟಿನದು ಎರಡು ಮಿಲಿಮೀಟರಿಗೂ ಹೆಚ್ಚು. ಅಂತರ ಅಷ್ಟು ಹೆಚ್ಚಾದರೆ ಸುಳಿಗಳು ಕಾಲುವೆಗೇ ಇಳಿದು ಉಜ್ಜಾಟ ಇನ್ನೂ ಏರುತ್ತದೆ. “ನೀವು ಇನ್ನೂ ಎರಡು ಮೂರು ಪಟ್ಟು ನಿಧಾನವಾಗಿ ಈಜಿದ್ರೆ ಆ ಪ್ಯಾಂಟ್ ಸರಿಹೋಗುತ್ತೆ ಮಾವ” ಎಂದ. ಇನ್ನೂ ನಿಧಾನವಾಗಿ ಈಜುವುದಕ್ಕೆ ಮುಳುಗುವುದು ಎನ್ನುತ್ತಾರೆ.

ಕೊನೆಗೆ ಬಂದದ್ದು ಲೋಳೆ. ತಪ್ಪು ನನ್ನದಲ್ಲ, ಮತ್ತೆ ಆ ಹುಡುಗನದೇ. ಮುಂದಿನ ಭಾನುವಾರ ಬೆಂಡೆಕಾಯಿ ಗೊಜ್ಜು ಕಲೆಸಿಕೊಳ್ಳುತ್ತ ಬಾಯಿ ಜಾರಿದ: “ಗೊತ್ತಾ ಅತ್ತೆ, ಈ ಲೋಳೆಗೂ ನೀರಿನ ಘರ್ಷಣೆ ಇಳಿಸೋ ಗುಣ ಇದೆ.” 1948ರಲ್ಲಿ ಟಾಮ್ಸ್ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ವಿಚಿತ್ರ ವರದಿ ಮಾಡಿದ. ಕೊಳವೆಯಲ್ಲಿ ಸುಳಿಸುಳಿಯಾಗಿ ಹರಿಯುವ ದ್ರವಕ್ಕೆ ಉದ್ದನೆಯ ಸರಪಳಿಯಂಥ ಅಣುಗಳಿರುವ ವಸ್ತುವನ್ನು ಚಿಟಿಕೆಯಷ್ಟು ಕರಗಿಸಿದರೆ ಅದು ಶುದ್ಧ ದ್ರವಕ್ಕಿಂತ ಸಲೀಸಾಗಿ ಹರಿಯುತ್ತದೆ. ಆ ಸರಪಳಿಗಳು ಎಳೆದುಕೊಂಡು, ಗೋಡೆಯ ಹತ್ತಿರ ಹುಟ್ಟುವ ಸುಳಿಗಳನ್ನು ಅಲ್ಲೇ ಅದುಮಿಡುತ್ತವೆ. ಹತ್ತು ಲಕ್ಷ ಪಾಲಿಗೆ ಕೆಲವೇ ಪಾಲು ಸಾಕು. ಅಲಾಸ್ಕಾವನ್ನು ಅಡ್ಡ ಹಾಯುವ ಕಚ್ಚಾತೈಲದ ದೊಡ್ಡ ಕೊಳವೆಯಲ್ಲಿ 1979ರಿಂದ ಇದೇ ಉಪಾಯ. ಮೀನಿನ ಮೈಲೋಳೆಯೂ ಹೀಗೆಯೇ: 1971ರಲ್ಲಿ ರೋಸೆನ್ ಮತ್ತು ಕಾರ್ನ್‌ಫೋರ್ಡ್ ಎಂಬಿಬ್ಬರು ಮೀನುಗಳ ಲೋಳೆಯನ್ನು ನೀರಿಗೆ ಬೆರೆಸಿ ಕೊಳವೆಯಲ್ಲಿ ಹರಿಸಿದಾಗ, ಬರಾಕುಡಾ ಮೀನಿನ ಲೋಳೆಗೆ ಘರ್ಷಣೆ ಅರ್ಧಕ್ಕಿಂತಲೂ ಕೆಳಗೆ ಇಳಿದಿತ್ತು. ಗೋರಿಕಾಯಿ ಬೀಜದ ಅಂಟು, ಬೆಂಡೆಕಾಯಿ ಲೋಳೆ ಎಲ್ಲವೂ ಇದೇ ವಂಶ.

“ಪ್ರಯೋಗಶಾಲೆಯಲ್ಲಿ ಮಾವ, ಪ್ರಯೋಗಶಾಲೆಯಲ್ಲಿ” ಎಂದು ಅವನು ಎರಡು ಸಲ ಹೇಳಿದನಂತೆ. ನನ್ನವಳು ಈಗಲೂ ಸಾಕ್ಷಿ ಹೇಳುತ್ತಾಳೆ. ನಾನು ಅಷ್ಟರಲ್ಲಿ ಮಾರ್ಕೆಟ್ಟಿನಲ್ಲಿದ್ದೆ.

ಎರಡು ಕಿಲೋ ಬೆಂಡೆಕಾಯಿ, ಸ್ವಲ್ಪ ಬಲಿತದ್ದು. ಹೆಚ್ಚಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಪಂಚೆಯಲ್ಲಿ ಹಿಂಡಿದರೆ ಒಂದು ದೊಡ್ಡ ಪಾತ್ರೆ ತುಂಬ ಲೋಳೆ ಸಿಕ್ಕಿತು. ಎತ್ತಿದರೆ ಎದ್ದು, ಬಿಟ್ಟರೆ ಇಳಿದು, ಜೀವವಿರುವಂತೆ ಆಡುವ ಲೋಳೆ. ಎರಡು ಬಾಟಲಿಗೆ ತುಂಬಿಕೊಂಡು ಹೊರಟೆ. ನಿಯಮದ ಪ್ರಕಾರ ಷವರ್ ಮಾಡಿದೆ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಬೋಳುತಲೆಯಿಂದ ಅಂಗಾಲಿನವರೆಗೆ ಬಳಿದುಕೊಂಡೆ. ಅಂಗಾಲಿನವರೆಗೆ ಎಂಬಲ್ಲಿ ಎಡವಿದೆ. ಎಡವಿದೆ ಎನ್ನುವುದಕ್ಕಿಂತ ಜಾರಿದೆ ಎನ್ನುವುದು ಸರಿ. ಕೋಣೆಯ ಬಾಗಿಲು ದಾಟಿದ ಮೇಲೆ ನನ್ನ ಕಾಲಿಗೂ ಟೈಲ್ಸಿಗೂ ಯಾವ ವ್ಯವಹಾರವೂ ಉಳಿಯಲಿಲ್ಲ. ಕುಂಡೆಯ ಮೇಲೆ ಕೂತು, ಬಾಟಲಿಗಳನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು, ಲೈಫ್‌ಗಾರ್ಡನ ಕುರ್ಚಿಯ ಕೆಳಗಿನಿಂದ ಹಾದು, ಆಳದ ಕಡೆ ನೀರಿಗೆ ಸೇರಿದೆ. ಘರ್ಷಣೆ ಇಳಿದದ್ದಂತೂ ನಿಜ. ನನ್ನ ಜೀವಮಾನದ ಅತಿ ಹೆಚ್ಚಿನ ವೇಗ ಅದೇ. ದುರದೃಷ್ಟವೆಂದರೆ ಅದು ನೆಲದ ಮೇಲೆ ದಾಖಲಾಯಿತು.

ನೀರಿನಲ್ಲಿ ಲೋಳೆ ನನ್ನ ಜೊತೆ ಇರಲೊಪ್ಪಲಿಲ್ಲ. ಮೈಬಿಟ್ಟು ಹಸಿರು ಎಳೆಗಳಾಗಿ, ನಡುನಡುವೆ ಬಿಳಿ ಬೀಜಗಳಾಗಿ ಸುತ್ತ ತೇಲತೊಡಗಿತು. ಒಬ್ಬ ಹುಡುಗಿ ದಡದಿಂದ ಚೀರಿದಳು: “ಅಮ್ಮಾ, ಅಂಕಲ್ ಕರಗ್ತಿದಾರೆ!” ಕೊಳ ಐದು ನಿಮಿಷದಲ್ಲಿ ಖಾಲಿ. ಹತ್ತಲು ಹೋದರೆ ಏಣಿಯ ಕಂಬಿ ಕೈಗೆ ನಿಲ್ಲುತ್ತಿಲ್ಲ. ಮೂರು ಸಲ ಹತ್ತಿ ಮೂರು ಸಲವೂ ಶಾಸ್ತ್ರೋಕ್ತವಾಗಿ ಹಿಂದಕ್ಕೆ ಜಾರಿದೆ.

ಮ್ಯಾನೇಜರು ಬಂದು ಒಂದು ಎಳೆಯನ್ನು ಬೆರಳಿನಲ್ಲಿ ಎತ್ತಿ ಮೂಸಿದರು.

“ಏನ್ ಸಾರ್ ಇದು?”

“ಬೆಂಡೆಕಾಯಿ.”

“ಎಣ್ಣೆ ಹಚ್ಚಬಾರದು ಅಂತ ಬೋರ್ಡ್ ಇಲ್ವಾ?”

“ಎಣ್ಣೆ ಅಲ್ವಲ್ಲ. ಬೆಂಡೆಕಾಯಿ ಅಂತ ಎಲ್ಲಿ ಬರೆದಿದೆ ತೋರಿಸಿ?”

ಅವರು ತೋರಿಸಲಿಲ್ಲ. ಮಾರ್ಕರ್ ಪೆನ್ ತರಲು ಒಳಗೆ ಹೋದರು.

ಹದಿನೈದು ದಿನ ಬಹಿಷ್ಕಾರ. ಆ ಹದಿನೈದು ದಿನ ಮನೆಯಲ್ಲಿ ಲೋಳೆ ಹಿಂಡಿದ ಬೆಂಡೆಕಾಯಿಯ ಪಲ್ಯ, ಸಾಸಿವೆ, ಮಜ್ಜಿಗೆಹುಳಿ. ಹುಡುಗ ಸಮಾಧಾನ ಹೇಳಲು ಬಂದ. ದೊಡ್ಡ ದೊಡ್ಡವರೂ ಚರ್ಮದ ಹಿಂದೆ ಬಿದ್ದು ಎಡವಿದ್ದಾರೆ ಎನ್ನುವುದೇ ಅವನ ಸಮಾಧಾನ. 1936ರಲ್ಲಿ ಕೇಂಬ್ರಿಜ್‌ನ ಜೇಮ್ಸ್ ಗ್ರೇ ಡಾಲ್ಫಿನ್ ವೇಗವನ್ನು ಲೆಕ್ಕಕ್ಕೆ ಕೂರಿಸಿದ. ಸೆಕೆಂಡಿಗೆ ಹತ್ತು ಮೀಟರಿನಂತೆ ಈಜಲು ಅದಕ್ಕೆ ಇರುವುದಕ್ಕಿಂತ ಏಳು ಪಟ್ಟು ಸ್ನಾಯುಬಲ ಬೇಕು ಎಂದು ಬಂತು. ಹಾಗಾದರೆ ಅದರ ಚರ್ಮದಲ್ಲೇ ಮಾಯೆಯಿರಬೇಕು! ಮ್ಯಾಕ್ಸ್ ಕ್ರೇಮರ್ ಎಂಬ ಜರ್ಮನ್ ಎಂಜಿನಿಯರು 1950ರ ದಶಕದ ಕೊನೆಯಲ್ಲಿ ಡಾಲ್ಫಿನ್ ಚರ್ಮದಂಥ ರಬ್ಬರ್ ಹೊದಿಕೆ ಮಾಡಿ ಭಾರೀ ಇಳಿಕೆ ಕಂಡೆನೆಂದ. ಬೇರೆಯವರು ಮಾಡಿದಾಗ ಅದು ಸುಲಭಕ್ಕೆ ಕೈಗೆ ಸಿಗಲಿಲ್ಲ. ಕೊನೆಗೆ ನೀರಿನಲ್ಲಿ ಗುಳ್ಳೆಗಳ ಪರದೆ ಬಿಟ್ಟು, ಡಾಲ್ಫಿನ್ ಬಾಲ ಬಡಿದಾಗ ಗುಳ್ಳೆಗಳು ಹೇಗೆ ಚಲಿಸುತ್ತವೆ ಎಂದು ಕ್ಯಾಮೆರಾದಲ್ಲಿ ಹಿಡಿದು ನೋಡಿದರೆ, ಅದಕ್ಕೆ ಬೇಕಾದಷ್ಟು ಬಲ ಅದರಲ್ಲೇ ಇತ್ತು. ಮಾಯೆ ಚರ್ಮದಲ್ಲಿರಲಿಲ್ಲ, ತಪ್ಪು ಲೆಕ್ಕದಲ್ಲಿತ್ತು.

2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಹೆಸರಾದ ಈಜುಡುಪಿನ ಕಥೆಯೂ ಬೇರೆಯಲ್ಲ. ಅಂಥ ಉಡುಪುಗಳ ಭರಾಟೆಯಲ್ಲಿ ಮರುವರ್ಷ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್ ಒಂದರಲ್ಲೇ 43 ವಿಶ್ವದಾಖಲೆ ಮುರಿದುಬಿದ್ದು, 2010ರ ಜನವರಿ 1ರಿಂದ ಅವಕ್ಕೆ ನಿಷೇಧ ಬಿತ್ತು. ಆ ಉಡುಪು ಮೈಯನ್ನು ಬಿಗಿದು ಆಕಾರ ಕೊಡುತ್ತಿತ್ತು, ತೇಲಿಸಿ ಹಿಡಿಯುತ್ತಿತ್ತು. ಅದಕ್ಕೂ ಹಿಂದಿನಿಂದ ‘ಶಾರ್ಕ್ ಚರ್ಮ’ ಎಂದು ಹೆಸರಾಗಿದ್ದ ಬಟ್ಟೆಯನ್ನು 2012ರಲ್ಲಿ ಹಾರ್ವರ್ಡಿನ ಓಫ್ನರ್ ಮತ್ತು ಲಾಡರ್ ಪರೀಕ್ಷಿಸಿದಾಗ, ಅದರ ಮೇಲ್ಮೈಯಿಂದ ನಂಬುವಂಥ ಲಾಭವೇನೂ ಕಾಣಲಿಲ್ಲ. ನಿಜವಾದ ಶಾರ್ಕ್ ಚರ್ಮ ಮಾತ್ರ, ಅದೂ ಬಳುಕುತ್ತಿದ್ದಾಗ, ವೇಗ ಹೆಚ್ಚಿಸಿತು.

“ಅದಿರಲಿ ಮಾವ, ಅವತ್ತು ನಾನು ಹೇಳ್ತಿದ್ದ ಇನ್ನೊಂದು ಪಾಲು ಯಾವುದು ಅಂತ ಕೇಳಿದ್ರಾ?”

ಕೇಳಿರಲಿಲ್ಲ. ಅಳೆದೇ ತೋರಿಸುತ್ತೇನೆ ಎಂದ.

ಬಹಿಷ್ಕಾರ ಮುಗಿದ ಬೆಳಿಗ್ಗೆ, ತರಕಾರಿ ತಂದಿಲ್ಲವೆಂದು ನನ್ನ ಚೀಲ ತಪಾಸಣೆಯಾದ ಮೇಲೆ, ನಾವು ಒಳಗೆ ಹೋದೆವು. ಫ್ರೌಡ್ 1871ರಲ್ಲಿ ಗ್ರೇಹೌಂಡ್ ಎಂಬ ಇಡೀ ಯುದ್ಧನೌಕೆಯನ್ನೇ ಇನ್ನೊಂದು ನೌಕೆಯಿಂದ ಎಳೆಸಿ ಬಲ ಅಳೆದಿದ್ದನಂತೆ. ಇಲ್ಲಿ ಗ್ರೇಹೌಂಡ್ ಸ್ಥಾನದಲ್ಲಿ ನಾನು. ಹಗ್ಗದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿಗೆ ಹಳೇಪೇಪರಿನವನ ಸ್ಪ್ರಿಂಗ್ ತಕ್ಕಡಿ. ತಕ್ಕಡಿಯನ್ನು ಒಂಟಿಯಾಗಿ ಕಡ ಕೊಡಲೊಲ್ಲದ ಹಳೇಪೇಪರಿನವನೂ ದಡದಲ್ಲಿ ಹಾಜರು. ಹುಡುಗ ದಡದ ಮೇಲೆ ಸೆಕೆಂಡಿಗೆ ಒಂದು ಮೀಟರಿನಂತೆ ನಡೆದ. ನಾನು ಹಿಂದೆ ತೇಲಿದೆ. ಎಷ್ಟು ತೋರಿಸುತ್ತಿದೆ ಎಂದು ನೋಡಲು ತಲೆಯೆತ್ತಿದೆ.

“ಆರೂವರೆ ಕೆಜಿ ಸಾರ್” ಎಂದ ಹಳೇಪೇಪರಿನವನು. “ಪೇಪರ್ ಆಗಿದ್ರೆ ನೂರು ರೂಪಾಯಿನೂ ಬರಲ್ಲ.”

ಹುಡುಗ ಲೆಕ್ಕ ಬಿಡಿಸಿದ. ಈ ವೇಗದಲ್ಲಿ ನನ್ನಷ್ಟು ಚರ್ಮದ ಮೇಲೆ ಬೀಳುವ ಉಜ್ಜಾಟ ಅಂದಾಜು 350 ಗ್ರಾಂ. ಅರ್ಧ ಕಿಲೋ ಬೆಂಡೆಕಾಯಿಗಿಂತಲೂ ಕಡಿಮೆ. ಅದನ್ನು ಇಳಿಸಲು ನಾನು ತಂದದ್ದು ಎರಡು ಕಿಲೋ. ಮಿಕ್ಕ ಆರು ಕಿಲೋಗೂ ಮೀರಿದ ಬಲ ಚರ್ಮದ್ದಲ್ಲ, ಆಕಾರದ್ದು. ನಾನೆಬ್ಬಿಸುವ ಅಲೆ, ಬೆನ್ನ ಹಿಂದೆ ಬಿಟ್ಟುಹೋಗುವ ಸುಳಿ. ಗಾಳಿಗೆ ಅಡ್ಡ ನಿಂತ ಸಾರಿನಪುಡಿಯ ಗುಡ್ಡೆ ನಾನು.

ಅಷ್ಟು ಹೊತ್ತಿಗೆ ಅಮ್ಮ ಹಿಂದಿನಿಂದ ಬಂದು ನಿಂತಿದ್ದರು. ಈ ಸಲ ದಾರಿ ಕೇಳಲಿಲ್ಲ.

“ಬ್ಯಾಂಕಿನಲ್ಲಿ ಆಫೀಸರ್ ಆಗಿದ್ರಾ?”

“ಹೌದಮ್ಮ. ಹೇಗೆ ಗೊತ್ತಾಯ್ತು?”

“ತಲೆ ಇಳಿಯಲ್ವಲ್ಲ. ತಲೆ ಎತ್ತಿದ್ರೆ ಕಾಲು ಮುಳುಗುತ್ತೆ. ನೀವು ಈಜ್ತಿಲ್ಲ, ನೀರಲ್ಲಿ ನಿಂತ್ಕೊಂಡು ನಡೀತಿದೀರಿ. ನಮ್ಮೂರ ಬಾವಿಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿ ಇಳಿಸಿದ ದಿನ ನಮ್ಮಪ್ಪ ಹೇಳಿದ್ದು ಒಂದೇ ಮಾತು: ಮುಖ ನೀರಿಗಿಡು, ಮಿಕ್ಕಿದ್ದನ್ನ ನೀರು ನೋಡ್ಕೊಳ್ಳುತ್ತೆ.”

ಮುಖ ನೀರಿಗಿಟ್ಟೆ. ತಕ್ಕಡಿ ಕಾಣುವುದು ನಿಂತಿತು. ಕಾಲುಗಳು ತಾವಾಗಿ ಮೇಲೆ ಬಂದವು. ಹುಡುಗ ಅದೇ ವೇಗದಲ್ಲಿ ನಡೆದ. ಆ ತುದಿಯಲ್ಲಿ ತಲೆಯೆತ್ತಿದಾಗ ಹಳೇಪೇಪರಿನವನ ಮುಖದಲ್ಲಿ ನಷ್ಟದ ಕಳೆ. “ನಾಲ್ಕೇ ಕೆಜಿ ಸಾರ್. ತಕ್ಕಡಿ ಸರಿಯಾಗೇ ಇದೆ, ಆಣೆ.” ಚರ್ಮ ಅದೇ, ನೀರು ಅದೇ, ಬೋಳುತಲೆಯೂ ಅದೇ. ಬಗ್ಗಿದ ಕತ್ತಿಗೆ ಎರಡೂವರೆ ಕಿಲೋ ರಿಯಾಯಿತಿ.

ಒಂದು ತಿಂಗಳು ಮುಖವನ್ನು ನೀರಿಗಿಟ್ಟು ಅಭ್ಯಾಸ ಮಾಡಿದೆ. ಈಗ 41 ಸೆಕೆಂಡು. ಅಮ್ಮ ಈಗಲೂ ದಾಟಿಹೋಗುತ್ತಾರೆ, ಆದರೆ ಒಂದೇ ಸಲ. ಆರೋಪಿಯನ್ನು ಖುಲಾಸೆ ಮಾಡಿ ಡೈರಿಯಲ್ಲಿ ಬರೆದೆ: ‘ಚರ್ಮ ನಿರ್ದೋಷಿ.’ ಭಾನುವಾರ ಆ ಪುಟವನ್ನು ಹುಡುಗನಿಗೆ ತೋರಿಸಿ ಬೆನ್ನು ತಟ್ಟಿಸಿಕೊಳ್ಳಲು ಹೋದೆ. ಅವನು ಓದಿ ತಲೆಯಾಡಿಸಿದ.

“ಪೂರ್ತಿ ಖುಲಾಸೆ ಮಾಡೋ ಹಾಗಿಲ್ಲ ಮಾವ. ಆರೂವರೆ ಕಿಲೋದಲ್ಲಿ 350 ಗ್ರಾಂ ಅಂದ್ರೆ ಶೇ. 5. ಈಗ ನಾಲ್ಕು ಕಿಲೋದಲ್ಲಿ ಅದೇ 350 ಗ್ರಾಂ ಅಂದ್ರೆ ಶೇ. 9ರ ಹತ್ತಿರ. ಆಕಾರ ಸುಧಾರಿಸಿದಷ್ಟೂ ಚರ್ಮದ ಪಾಲು ಏರುತ್ತೆ. ದೊಡ್ಡ ವಿಮಾನಗಳ ಆಕಾರವನ್ನ ತಿದ್ದಿ ತಿದ್ದಿ ಈಗ ಅವುಗಳ ಮೇಲಿನ ಎಳೆತದಲ್ಲಿ ಹೆಚ್ಚುಕಡಿಮೆ ಅರ್ಧ ಚರ್ಮದ್ದೇ. ನಿಧಾನವಾಗಿ ಹೋಗೋ ಸರಕು ಹಡಗುಗಳಲ್ಲಿ ಇನ್ನೂ ಹೆಚ್ಚು. ಅದಕ್ಕೇ ಅವರು ಗೀರು, ಬಣ್ಣ, ಲೋಳೆ ಅಂತ ತಲೆ ಕೆಡಿಸಿಕೊಳ್ಳೋದು.”

ಅಂದರೆ ಚರ್ಮದ ಚಿಂತೆ ಮಾಡಲೂ ಒಂದು ಯೋಗ್ಯತೆ ಬೇಕು; ಆ ಯೋಗ್ಯತೆ ನನಗೆ ಶೇ. 4ರಷ್ಟು ಬಂದಿದೆ. ಈ ಮಾತು ಕಿವಿಗೆ ಬಿದ್ದ ಕೂಡಲೇ ನನ್ನವಳು ಅಡುಗೆಮನೆಯಿಂದ ಹೊರಬಂದು ತರಕಾರಿ ಬುಟ್ಟಿಯನ್ನು ಎತ್ತಿ ಅಟ್ಟದ ಮೇಲಿಟ್ಟಳು.

ಆಕೆ ಹೆದರಬೇಕಾಗಿಲ್ಲ. ನಾನು ನಿಯಮ ಮೀರುವವನಲ್ಲ, ಬ್ಯಾಂಕಿನವನು. ಎಂಟನೆಯ ನಿಯಮವನ್ನು ಮತ್ತೊಮ್ಮೆ ನಿಧಾನವಾಗಿ ಓದಿಕೊಂಡು ಬಂದಿದ್ದೇನೆ. ಅದರಲ್ಲಿರುವುದು ‘ತರಕಾರಿ’ ಎಂದು. ಬಾಲ್ಕನಿಯ ಕುಂಡದಲ್ಲಿ ಲೋಳೆಸರ ಹುಲುಸಾಗಿ ಬೆಳೆದಿದೆ. ಅದು ತರಕಾರಿಯಲ್ಲವಲ್ಲ.